ಗಿರಣಿ ಗುತ್ತೆವ್ವನ ಪಾಲು

ಕುಪ್ಪೇಲೂರಿನಲ್ಲಿ ಬರೀ ಗುತ್ತೆವ್ವ ಎಂದು ವಿಚಾರಿಸಿದರೆ ಯಾವ ಗುತ್ತೆವ್ವ ಎಂದು ಜನ ತಿರುಗಿ ಕೇಳುತ್ತಿದ್ದರು. ಗಿರಣಿ ಗುತ್ತೆವ್ವ ಎಂದರೆ ಮಾತ್ರ ಎಲ್ಲರೂ ಕೈ ಮಾಡಿ ತೋರಿಸುತ್ತಿದ್ದರು. ಊರ ನಡುವಿನ ತಗಡಿನ ಮಾಡಿನ ಗಿರಣಿ, ಬಾಗಿಲಲ್ಲಿ ಹಿಟ್ಟು ಮೆತ್ತಿದ ಹುಬ್ಬಿನ ಐವತ್ತು ದಾಟಿದ ಹೆಂಗಸು. ಅವಳ ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು. ಆ ಒಂದು ಬೆರಳಿಗೂ ಮೊಂಡು ಅಂಗೈಗೂ ನಡುವೆ ಚೀಲದ ಬಾಯಿ ಸಿಕ್ಕಿಸಿಕೊಂಡು, ಎಡಗೈಯಿಂದ ಬುಡ ಎತ್ತಿ, ಮೊಣಕಾಲು ಕೊಟ್ಟು ಜೋಳವನ್ನು ಡಬ್ಬಕ್ಕೆ ಸುರಿಯುವುದನ್ನು ಹೊಸದಾಗಿ ಲಗ್ನವಾಗಿ ಬಂದ ಸೊಸೆಯಂದಿರು ಬಾಯಿ ಬಿಟ್ಟು ನೋಡುತ್ತಿದ್ದರು.

"ಕೈಗೆ ಏನಾಗಿತ್ರಿ ಅಕ್ಕಾ?" ಎಂದು ಅವರಲ್ಲಿ ಯಾರಾದರೂ ಒಬ್ಬಳು ಕೇಳಿಯೇ ಕೇಳುವಳು.

"ಸೆರಗು ಸಿಕ್ಕಿತ್ತವ್ವ ಪಟ್ಟಾದಾಗ. ನೀ ಸೆರಗು ಕಟ್ಟಿಕೊಂಡು ನಿಂದ್ರು," ಎಂದು ಗುತ್ತೆವ್ವ ಹೇಳುತ್ತಿದ್ದಳು.

ಆ ಮಾತು ಸುಳ್ಳು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅವಳು ಅದನ್ನೇ ಹೇಳಿಕೊಂಡು ಬಂದಿದ್ದಳು.

ಅದು ಈಗಿನ ಉಕ್ಕಿನ ಯಂತ್ರದ ಗಿರಣಿಯಲ್ಲ, ಕಲ್ಲಿನ ಗಿರಣಿ. ಕೆಳಗಿನ ಕಲ್ಲು ಕದಲದೆ ಕೂತಿರುತ್ತದೆ, ಮೇಲಿನದು ತಿರುಗುತ್ತದೆ. ಡಬ್ಬದಿಂದ ಇಳಿದ ಕಾಳು ಮೇಲಿನ ಕಲ್ಲಿನ ನಡುಗಣ್ಣಿನಲ್ಲಿ ಬಿದ್ದು, ಎರಡೂ ಕಲ್ಲುಗಳ ಮೈಮೇಲೆ ಕೊರೆದ ಗೀರುಗಳ ನಡುವೆ ಅರೆಯುತ್ತ ಅಂಚಿಗೆ ಸರಿದು, ಬಟ್ಟೆಯ ಸೊಂಡಿಲಿನಿಂದ ಹಿಟ್ಟಾಗಿ ಸುರಿಯುತ್ತದೆ. ಪಕ್ಕದಲ್ಲಿ ಅಂಗೈಯಗಲದ ಒಂದು ಚಕ್ರ. ಅದನ್ನು ಈಚೆ ತಿರುವಿದರೆ ಮೇಲಿನ ಕಲ್ಲು ಕೂದಲೆಳೆಯಷ್ಟು ಏಳುತ್ತದೆ, ಆಚೆ ತಿರುವಿದರೆ ಅಷ್ಟೇ ಇಳಿಯುತ್ತದೆ. ಎತ್ತಿದ್ದು ಹೆಚ್ಚಾದರೆ ಹಿಟ್ಟು ರವೆಯಾಗುತ್ತದೆ. ಇಳಿಸಿದ್ದು ಹೆಚ್ಚಾದರೆ ಕಲ್ಲು ಕಾದು ಹಿಟ್ಟು ಸುಡುತ್ತದೆ. ಸುಟ್ಟ ಜೋಳದ ಹಿಟ್ಟಿಗೆ ಎಷ್ಟು ನಾದಿದರೂ ಜಿಗಿ ಬರುವುದಿಲ್ಲ, ಬಡಿಯುತ್ತಿದ್ದಂತೆಯೇ ರೊಟ್ಟಿ ಹರಿಯುತ್ತದೆ. ಗುತ್ತೆವ್ವ ಸೊಂಡಿಲಿನ ಕೆಳಗೆ ಎಡಗೈ ಒಡ್ಡಿ, ಬಿಸಿ ನೋಡಿ, ಹೆಬ್ಬೆರಳಿನಿಂದ ಹಿಟ್ಟು ತಿಕ್ಕಿ, ಚಕ್ರವನ್ನು ಒಂಚೂರು ತಿರುವುವಳು. ಗೀರು ಸವೆದಾಗ ರಾಣೆಬೆನ್ನೂರಿನಿಂದ ಕಲ್ಲುಕುಟಿಗ ಬಂದು ಚಾಣ ಹೊಡೆದು ಹೋಗುತ್ತಿದ್ದ. ಉಳಿದದ್ದೆಲ್ಲ ಅವಳದೇ.

ಗಿರಣಿ ಹಾಕಿದವನು ಅವಳಪ್ಪ ಡಾಕಪ್ಪ. ಆಗ ಕರೆಂಟಿನ ಮೋಟಾರು ಇರಲಿಲ್ಲ, ಡೀಸೆಲ್ ಎಂಜಿನ್ನು ಇತ್ತು. ಅದರ ಹೊಗೆ ಹಿಟ್ಟಿಗೆ ಬರಬಾರದೆಂದು ಹಿಂದೆ ಒಂದು ಕೋಣೆ ಕಟ್ಟಿ ಅದರೊಳಗೆ ಕೂರಿಸಿದ್ದ. ಗೋಡೆಯಲ್ಲಿ ತೂತು ಮಾಡಿ ಒಂದು ಉದ್ದನೆಯ ಕಬ್ಬಿಣದ ದಂಡ ಈಚೆಗೆ ಬಂದಿತ್ತು. ಆ ದಂಡದಿಂದ ಕಲ್ಲಿಗೆ ಒಂದು ಪಟ್ಟಾ, ಅಗಲವಾದ ತೊಗಲಿನ ಬೆಲ್ಟು. ಎಂಜಿನ್ನು ಓಡುತ್ತಿದ್ದರೂ ಕಲ್ಲು ಸುಮ್ಮನೆ ನಿಂತಿರಬಹುದು. ಎಂಜಿನ್ನಿನ ಕೋಣೆಯಲ್ಲಿ ಕಟ್ಟಿಗೆಯ ಒಂದು ಕೋಲು ಇತ್ತು, ಅದನ್ನು ಒತ್ತಿದಾಗಲೇ ದಂಡ ತಿರುಗಿ ಕಲ್ಲು ಎಳೆಯುವುದು. ಕೋಲು ಒತ್ತುವವನಿಗೆ ಕಲ್ಲಿನ ಹತ್ತಿರ ಯಾರಿದ್ದಾರೆಂದು ಕಾಣುತ್ತಿರಲಿಲ್ಲ. ಅದಕ್ಕೇ ಡಾಕಪ್ಪ ಒಂದು ಕಟ್ಟು ಹಾಕಿದ್ದ. ಕೋಲಿಗೆ ಕೈ ಹಚ್ಚುವವನು ಗೋಡೆಯ ತೂತಿಗೆ ಬಾಯಿ ಇಟ್ಟು "ಬಿಡ್ಲ್ಯಾ?" ಎಂದು ಕೂಗಬೇಕು. ಈಚೆಯಿಂದ "ಬಿಡು" ಎಂದು ಬರುವವರೆಗೆ ಕೋಲು ಮುಟ್ಟಬಾರದು.

ಗುತ್ತೆವ್ವನಿಗೆ ಆಗ ಹತ್ತೊಂಬತ್ತು. ಹೊಸರಿತ್ತಿಯ ಕಡೆ ಗಂಡು ಗೊತ್ತಾಗಿ, ನಿಶ್ಚಯವೂ ಮುಗಿದು, ಸೀರೆ ತರಲು ಹಾವೇರಿಗೆ ಹೋಗುವುದಷ್ಟೇ ಉಳಿದಿತ್ತು. ಆ ದಿನ ಪಟ್ಟಾ ಜಾರುತ್ತಿದೆಯೆಂದು ಅವಳು ಅದಕ್ಕೆ ರಾಳದ ಪುಡಿ ತಿಕ್ಕುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಎಂಜಿನ್ನು ಓಡುತ್ತಿತ್ತು, ಕಲ್ಲು ನಿಂತಿತ್ತು. ಅಣ್ಣ ಗುಡ್ಡಪ್ಪ ಅಲ್ಲಿ ತನ್ನ ಗೆಳೆಯನೊಬ್ಬನ ಜೊತೆ ಮಾತಾಡುತ್ತಿದ್ದ. ಕೂಗು ಬರಲಿಲ್ಲ. ದಂಡ ತಿರುಗಿತು, ಪಟ್ಟಾ ಎಳೆಯಿತು, ಪಟ್ಟಾದ ಜೊತೆ ಅವಳ ಕೈ ಗಾಲಿಯ ಸಂದಿಗೆ ಹೋಯಿತು.

ಗಿರಣಿಯ ಈಚೆ ಕಡೆ ಆಗ ಇದ್ದವಳು ಗುಲಾಬಬಿ ಒಬ್ಬಳೇ. ಪಕ್ಕದ ಓಣಿಯವಳು, ಗುತ್ತೆವ್ವನಿಗಿಂತ ನಾಲ್ಕೈದು ವರ್ಷ ದೊಡ್ಡವಳು. ಜೋಳದ ಬುಟ್ಟಿ ಇಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು. ಅವಳು ಕೂತ ಜಾಗದಿಂದ ಹಿಂದಿನ ಕೋಣೆಯ ತೆರೆದ ಬಾಗಿಲೊಳಗೆ ಕಾಣುತ್ತಿತ್ತು. ಅವಳೇ ಚೀರಿಕೊಂಡು ಓಡಿಹೋಗಿ ಗುಡ್ಡಪ್ಪನ ಕೈಯಿಂದ ಕೋಲು ಕಿತ್ತು ಹಿಂದಕ್ಕೆ ಎಳೆದಳು. ತನ್ನ ದುಪಟ್ಟಾ ಹರಿದು ಗುತ್ತೆವ್ವನ ಕೈಗೆ ಸುತ್ತಿದವಳೂ ಅವಳೇ.

ಹಾವೇರಿಯ ದವಾಖಾನೆಯಲ್ಲಿ ಎಚ್ಚರವಾದಾಗ ಡಾಕಪ್ಪ ಮಂಚದ ಪಕ್ಕ ಕೂತಿದ್ದ. ಮಗಳ ಮುಖ ನೋಡುವ ಧೈರ್ಯ ಇಲ್ಲದೆ ಅವಳ ಕಾಲು ಒತ್ತುತ್ತಿದ್ದ. ತಂದೆ ಕಾಲು ಒತ್ತುವುದು ಕಂಡು ಅವಳಿಗೆ ಕೈಯ ನೋವಿಗಿಂತ ಹೆಚ್ಚು ಗಾಬರಿಯಾಯಿತು.

"ಯವ್ವಾ, ಪೊಲೀಸರು ಬಂದು ಕೇಳ್ತಾರ," ಎಂದ ಡಾಕಪ್ಪ. "ಗುಡ್ಡ್ಯಾನ ಹೆಸರು ಬಂತಂದ್ರ ಅವನ್ನ ಎಳಕೊಂಡು ಹೋಗ್ತಾರ. ಅವಗೂ ಹೆಣ್ಣು ಗೊತ್ತಾಗೈತಿ. ಸೆರಗು ಸಿಕ್ಕಿತ್ತು ಅಂದುಬಿಡು."

"ಅವ ಕೂಗಲಿಲ್ಲಪ್ಪ."

"ನನಗ ಗೊತ್ತೈತಿ. ಅವಗೂ ಗೊತ್ತೈತಿ, ಹೊರಗ ಕುಂತು ಅಳಾಕತ್ತಾನ. ನಿನ್ನ ಕೈ ಅಂತೂ ಹೋತು, ಅವನ ಬಾಳೇನೂ ಹಾಳಾಗೂದು ಬ್ಯಾಡ. ಆ ಗಿರಣಿ ನಿಂದ, ಯವ್ವಾ. ನಾ ಇರೂತನಕಾ ನಿಂದ, ಸತ್ತ ಮ್ಯಾಲೂ ನಿಂದ. ನನ್ನ ಮಾತು ಐತಿ."

ಅವಳು ಸೆರಗು ಸಿಕ್ಕಿತ್ತು ಎಂದಳು. ಹೊಸರಿತ್ತಿಯವರು ನೋಡಲು ಬಂದು, ಬಟ್ಟೆ ಸುತ್ತಿದ ಕೈಯನ್ನೊಮ್ಮೆ ನೋಡಿ, ಚಹಾ ಕುಡಿದು, ಹಗುರಾಗಿ ಆರಾಮ ಆಗಲಿ ಎಂದು ಹೇಳಿ ಹೋದರು. ಮತ್ತೆ ಬರಲಿಲ್ಲ. ಗುಡ್ಡಪ್ಪನ ಮದುವೆ ಅದೇ ಬೇಸಿಗೆಯಲ್ಲಿ ಆಯಿತು. ಗುತ್ತೆವ್ವ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಕ್ಕಿಕಾಳು ಹಾಕಿದಳು.

ಮೊದಲ ಒಂದೆರಡು ವರ್ಷ ಗುಡ್ಡಪ್ಪ ತಂಗಿಗೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಊಟಕ್ಕೆ ಅವಳು ಬಂದರೆ ಎದ್ದು ಹೋಗುತ್ತಿದ್ದ. ಆಮೇಲೆ ಮಕ್ಕಳಾದವು, ಹೊಲ ಹೆಚ್ಚಿತು, ಟ್ರ್ಯಾಕ್ಟರ್ ಬಂತು. ನಾಲ್ಕು ಜನ ಸೇರಿದಲ್ಲಿ ತಂಗಿಯ ಮಾತು ಬಂದರೆ, "ಪಾಪ, ಸೆರಗು ಸಿಕ್ಕಿತ್ತು. ನಾ ಹೇಳ್ತಿದ್ದೆ, ಗಿರಣ್ಯಾಗ ಸೆರಗು ಬಿಟಗೊಂಡು ಅಡ್ಡಾಡಬ್ಯಾಡ ಅಂತ," ಎಂದು ಅವನೇ ಹೇಳತೊಡಗಿದ. ಮೊದಲ ಸಲ ಅದು ಕಿವಿಗೆ ಬಿದ್ದಾಗ ಗುತ್ತೆವ್ವ ಕೈಯಲ್ಲಿದ್ದ ಸೇರು ಕೆಳಗಿಟ್ಟು ಅವನ ಮುಖ ನೋಡಿದಳು. ಅವನು ಅವಳನ್ನೇ ನೋಡುತ್ತ ಮಾತು ಮುಂದುವರಿಸಿದ. ಜನರ ಮುಂದೆ ನಾಟಕ ಮಾಡುತ್ತಿದ್ದಾನೆ ಎಂದುಕೊಂಡು ಅವಳು ಮತ್ತೆ ಸೇರು ಎತ್ತಿಕೊಂಡಳು.

ಅವನು ಕೆಟ್ಟವನೂ ಆಗಿರಲಿಲ್ಲ. ಪಂಚಮಿಗೆ ಸೀರೆ ತರುತ್ತಿದ್ದ, ಜ್ವರ ಬಂದರೆ ರಾಣೆಬೆನ್ನೂರಿಗೆ ಕರೆದುಕೊಂಡು ಹೋಗುತ್ತಿದ್ದ. ಗುಲಾಬಬಿ ಮಾತ್ರ ಗಿರಣಿಯಲ್ಲಿ ಯಾರೂ ಇಲ್ಲದಾಗ ಹತ್ತಿರ ಸರಿದು, "ಅವ ನಕ್ಕೋತ ಕೋಲು ಒತ್ತಿದ್ನವ್ವ. ನಾ ಕಣ್ಣಾರೆ ನೋಡೇನಿ. ಅಲ್ಲಾ ನೋಡ್ಯಾನ," ಎನ್ನುತ್ತಿದ್ದಳು. ಆ ಮಾತು ಕೇಳಿದ ದಿನ ಗುತ್ತೆವ್ವನಿಗೆ ಊಟ ರುಚಿಸುತ್ತಿತ್ತು. ಗುಡ್ಡಪ್ಪನ ಆ ಗೆಳೆಯ ಎಂದೋ ತೀರಿಕೊಂಡಿದ್ದ; ನಿಜ ಗೊತ್ತಿರುವವರು ಇನ್ನೂ ಒಬ್ಬರಿದ್ದಾರೆ ಎನ್ನುವುದೇ ಅವಳಿಗೆ ಒಂದು ಆಸರೆ.

ಕರೆಂಟು ಬಂತು, ಡೀಸೆಲ್ ಎಂಜಿನ್ನು ಗುಜರಿಗೆ ಹೋಗಿ ಮೋಟಾರು ಬಂತು. ಮೋಟಾರಿನ ಬಟನ್ನು ಕಲ್ಲಿನ ಪಕ್ಕದಲ್ಲೇ, ಅವಳ ಕೈಗೆ ಸಿಗುವಲ್ಲೇ ಇತ್ತು. ಇನ್ನು ಕೂಗುವವರೂ ಬೇಕಿರಲಿಲ್ಲ, ಉತ್ತರ ಕೊಡುವವರೂ ಬೇಕಿರಲಿಲ್ಲ. ಡಾಕಪ್ಪ ಬದುಕಿದ್ದಾಗಲೇ ಹೊಲವನ್ನು ಇಬ್ಬರು ಗಂಡುಮಕ್ಕಳಿಗೆ ಹಂಚಿದ. ಕಾಯ್ದೆ ಪ್ರಕಾರ ಅಕ್ಕನಿಗೂ ಪಾಲುಂಟು ಎಂದು ಕಿರಿಯವನಾದ ಮಾಂತೇಶ ತಾನಾಗಿಯೇ ಹೇಳಿದ್ದ. ಅವನು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಗೋದಾಮು ನೋಡಿಕೊಳ್ಳುತ್ತಿದ್ದ, ತಿಳಿದವನು. ಗುತ್ತೆವ್ವ ತಂದೆಯ ಮುಖ ನೋಡಿದಳು. ಡಾಕಪ್ಪ ತಲೆಯಾಡಿಸಿದ. "ನನಗ ಹೊಲ ಬ್ಯಾಡ," ಎಂದಳು. ಗಿರಣಿ ತನಗೆ ಎಂಬುದು ಆ ತಲೆಯಾಡಿಸಿದ್ದರಲ್ಲೇ ಇತ್ತೆಂದು ಅವಳ ನಂಬಿಕೆ. ಆದರೆ ಆ ಮಾತನ್ನು ಡಾಕಪ್ಪ ಗಂಡುಮಕ್ಕಳ ಮುಂದೆ ಎಂದೂ ಬಾಯಿಬಿಟ್ಟು ಆಡಲಿಲ್ಲ. ನಾಳೆ ಆಡುತ್ತೇನೆ, ಹಬ್ಬ ಮುಗಿಯಲಿ ಎನ್ನುತ್ತಲೇ ಇದ್ದ. ಒಂದು ಮುಂಜಾನೆ ಕಟ್ಟೆಯ ಮೇಲೆ ಬೀಡಿ ಹಚ್ಚಿಕೊಂಡು ಕೂತವನು ಕೂತಂತೆಯೇ ಹೋಗಿಬಿಟ್ಟ.

ದಿನಕರ್ಮ ಮುಗಿದ ಮೇಲೆ ಗಿರಣಿಯ ಮಾತು ಬಂತು. ಊರಿನ ಹಿರಿಯರು ನಾಲ್ವರನ್ನು ಗುಡ್ಡಪ್ಪ ಮನೆಗೆ ಕರೆಸಿದ್ದ. ಗಿರಣಿಯ ಜಾಗ ಮಾರ್ಕೆಟ್ ರಸ್ತೆಗೆ ಹತ್ತಿದ್ದು, ಅಲ್ಲಿ ಮಗನಿಗೆ ಗೊಬ್ಬರ, ಬೀಜದ ಅಂಗಡಿ ಹಾಕಿಸಬೇಕೆಂದು ಅವನು ಆಗಲೇ ಮನಸ್ಸು ಮಾಡಿದ್ದ.

"ಗಿರಣಿ ನಂದ," ಎಂದಳು ಗುತ್ತೆವ್ವ. "ಅಪ್ಪ ನನಗ ಮಾತು ಕೊಟ್ಟಾನ."

"ಯಾವಾಗ ಕೊಟ್ಟಾನ? ನಮಗ ಹೇಳಿಲ್ಲಲ್ಲ?" ಎಂದ ಗುಡ್ಡಪ್ಪ.

"ದವಾಖಾನ್ಯಾಗ. ನೀ ಕೂಗಲಾರದ ಕೋಲು ಒತ್ತಿದ್ದು ಯಾರ ಮುಂದೂ ಹೇಳಬ್ಯಾಡ ಅಂತ ಕೊಟ್ಟಾನ."

ಮನೆ ತುಂಬಿದ ಜನ ಗುಡ್ಡಪ್ಪನ ಕಡೆ ತಿರುಗಿದರು. ಗುಡ್ಡಪ್ಪನ ಮುಖ ಕೆಂಪಾಗುತ್ತದೆ, ಇಲ್ಲ ಬಿಳಿಚುತ್ತದೆ, ಎರಡರಲ್ಲಿ ಒಂದಾಗುತ್ತದೆ ಎಂದು ಅವಳು ಕಾದಳು. ಆ ಒಂದು ಗಳಿಗೆಗಾಗಿ ಅವಳು ಇಷ್ಟು ವರ್ಷ ಬಾಯಿ ಕಟ್ಟಿಕೊಂಡಿದ್ದಳು. ಅವನ ಮುಖದಲ್ಲಿ ಮೂಡಿದ್ದು ಬೇರೆಯೇ. ಅವನು ನಿಜವಾಗಿಯೂ ಏನೂ ತಿಳಿಯದವನ ಹಾಗೆ ಅವಳನ್ನು ನೋಡಿದ.

"ಏನ್ ಅನ್ನಾಕತ್ತೀ ತಂಗಿ? ನಾನು? ನಿನ್ನ ಸೆರಗು ಸಿಕ್ಕಿತ್ತಲ್ಲ! ನೀನ ಹೇಳಿದ್ಯಲ್ಲ, ಪೊಲೀಸರ ಮುಂದ, ಊರ ಮುಂದ?"

"ಅಪ್ಪ ಹೇಳ ಅಂದಾನ, ಅದಕ್ಕ ಹೇಳೇನಿ."

"ನಾ ಕೂಗಿದ್ದೆ. ನನಗ ಪಕ್ಕಾ ನೆನಪೈತಿ. ಬಿಡ್ಲ್ಯಾ ಅಂದೆ, ಬಿಡು ಅಂದಿ." ಅವನ ಕಣ್ಣಲ್ಲಿ ನೀರು ಬಂದಿತ್ತು. "ಅಪ್ಪ ಸತ್ತು ತಿಂಗಳಾಗಿಲ್ಲ. ಒಂದು ಗಿರಣಿ ಸಲುವಾಗಿ ನನ್ನ ಮ್ಯಾಲ ಇಂಥಾದ್ದು ಹೊರಸ್ತೀ?"

ಅವನು ಸುಳ್ಳಾಡುತ್ತಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅವಳೇ ಕೊಟ್ಟ ಸುಳ್ಳನ್ನು ಅವನು ಹೇಳಿ ಹೇಳಿ, ಕೊನೆಗೆ ಅದರಲ್ಲೇ ಮನೆ ಮಾಡಿಕೊಂಡು ಆರಾಮಾಗಿ ಇದ್ದುಬಿಟ್ಟಿದ್ದ.

"ಗುಲಾಬಕ್ಕನ್ನ ಕರೀರಿ," ಎಂದಳು. "ಆಕಿ ನೋಡ್ಯಾಳ."

ಗುಲಾಬಬಿಯನ್ನು ಕರೆತಂದರು. ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲಲ್ಲೇ ನಿಂತಳು. ಮಾತು ಏನೆಂದು ಹಿರಿಯರೊಬ್ಬರು ಬಿಡಿಸಿ ಹೇಳಿದರು. ಅವಳ ಮಗ ನಯಾಜ ಗುಡ್ಡಪ್ಪನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಆಗಲೂ ಅವನು ಅಂಗಳದಲ್ಲಿ ಟ್ರ್ಯಾಕ್ಟರಿನ ಪಕ್ಕ ನಿಂತು ತಾಯಿಯನ್ನೇ ನೋಡುತ್ತಿದ್ದ.

"ಭಾಳ ದಿನದ ಮಾತ್ರಿ," ಎಂದಳು ಗುಲಾಬಬಿ. "ನಾ ಜೋಳ ತಗೊಂಡು ಹೋಗಿದ್ದೆ, ಅಷ್ಟ ನೆನಪೈತಿ. ಯಾರು ಕೂಗಿದ್ರು, ಯಾರು ಬಿಟ್ರು, ನನಗೇನು ಗೊತ್ತಾಗತೈತ್ರಿ?"

"ಗುಲಾಬಕ್ಕಾ, ನನ್ನ ಮಾರಿ ನೋಡು," ಎಂದಳು ಗುತ್ತೆವ್ವ.

ಗುಲಾಬಬಿ ನೋಡಲಿಲ್ಲ. "ನಾ ಹೋಗ್ತೇನ್ರಿ, ಒಲಿ ಮ್ಯಾಲ ಸಾರು ಇಟ್ಟು ಬಂದೇನಿ," ಎಂದು ತಿರುಗಿ ಹೊರಟಳು.

ಹಿರಿಯರು ಜಗಳ ಬೇಡವೆಂದರು. ಮೂವರು ಮಕ್ಕಳಿಗೂ ಗಿರಣಿಯಲ್ಲಿ ಪಾಲು ಹಾಕಿದರು. ಹೊಲ ಹಂಚಿದಾಗಲೇ ಗಿರಣಿಯ ನೆಲವೂ ಕಾಗದದಲ್ಲಿ ಗುಡ್ಡಪ್ಪನ ಪಾಲಿಗೆ ಬಂದದ್ದರಿಂದ ಜಾಗದ ಮಾತಿಲ್ಲ. ಕಲ್ಲು, ದಂಡ, ಚಕ್ರ ಗುಡ್ಡಪ್ಪನಿಗೆ. ಮೋಟಾರು, ಅದರ ಪೆಟ್ಟಿಗೆ ಮಾಂತೇಶನಿಗೆ. ಗುತ್ತೆವ್ವನಿಗೆ ಮಾಡಿನ ತಗಡು, ತೂಕದ ತಕ್ಕಡಿ. ಇರಲಿಕ್ಕೆ ಅಣ್ಣನ ಮನೆ ಹಿಂದಿನ ಕೋಣೆ, ಇರುವವರೆಗೆ ಊಟ. ಯಾರಿಗೂ ಅನ್ಯಾಯವಾಗಲಿಲ್ಲ ಎಂದು ಹಿರಿಯರು ಎದ್ದರು. ಮಾಂತೇಶ ಅಕ್ಕನ ಹತ್ತಿರ ಬಂದು, "ಕೋರ್ಟಿಗೆ ಹೋಗ್ತೀಯೇನಕ್ಕ? ಹೋಗೂದಾದ್ರ ಹೋಗು, ನಾ ಅಡ್ಡ ಬರೂದಿಲ್ಲ," ಎಂದು ಮೆಲ್ಲಗೆ ಹೇಳಿದ. ಹೇಳಿ ಮೂರನೆಯ ದಿನಕ್ಕೆ ತಾನು ಮೋಟಾರು ಬಿಚ್ಚಿಕೊಂಡು ಹೋದ.

ಗಿರಣಿ ಬಿಚ್ಚುವುದನ್ನು ಅವಳು ನಿಂತು ನೋಡಿದಳು. ಮೇಲಿನ ಕಲ್ಲನ್ನು ಸರಪಳಿ ಹಾಕಿ ಎತ್ತಿದಾಗ ಅದರ ಹೊಟ್ಟೆಗೆ ಅಂಟಿದ್ದ ಹಳೆಯ ಹಿಟ್ಟು ಹೆಪ್ಪುಹೆಪ್ಪಾಗಿ ಉದುರಿತು. ಕೆಳಗಿನ ಕಲ್ಲಿನಡಿಯಿಂದ ಹೆಗ್ಗಣವೊಂದು ಓಡಿತು. ಹಗ್ಗ ಹಿಡಿದ ಆಳುಗಳು ನಕ್ಕರು. ಕಲ್ಲುಗಳನ್ನು ಟ್ರೇಲರಿಗೆ ಹೇರಿಸಿದವನು ನಯಾಜ. ಅವನು ಅವಳ ಕಡೆ ನೋಡದೆ ಗಾಡಿ ಬಿಟ್ಟ. ಕಡೆಗೆ ತಗಡು ಇಳಿಸಿ ಗೋಡೆಗೆ ಒರಗಿಸಿ, "ನಿಂದು ಇದ ನೋಡು ತಂಗಿ, ಎಲ್ಲಿ ಇಡಿಸಲಿ?" ಎಂದು ಗುಡ್ಡಪ್ಪ ಕೇಳಿದ.

"ನನಗ ತಗಡು ಬ್ಯಾಡ."

"ಸಿಟ್ಟಿನಾಗ ಮಾತಾಡಬ್ಯಾಡ. ಚಲೋ ತಗಡು ಅದಾವ."

ಮರುದಿನ ಗುತ್ತೆವ್ವ ಎರಡು ಸೀರೆ ಗಂಟು ಕಟ್ಟಿಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಅಲ್ಲಿಂದ ಬ್ಯಾಡಗಿ. ಮೆಣಸಿನಕಾಯಿ ಸೀಸನ್ನಿಗೆ ಹೋಗುತ್ತಿದ್ದ ಊರ ಹೆಂಗಸರಿಂದ ಅಲ್ಲಿ ಕೆಲಸ ಸಿಗುತ್ತದೆಂದು ಕೇಳಿದ್ದಳು. ತೊಟ್ಟು ಬಿಡಿಸುವ ಕೆಲಸಕ್ಕೆ ಕೂತಳು. ಒಂದೇ ಕೈಯಿಂದ ಎಷ್ಟು ಬಿಡಿಸಿಯಾಳು? ಪಕ್ಕದವಳ ಬುಟ್ಟಿ ತುಂಬಿದಾಗ ಅವಳದು ಕಾಲು ಭಾಗವೂ ಆಗುತ್ತಿರಲಿಲ್ಲ. ಕೊನೆಗೆ ಖಾರದಪುಡಿ ಮಾಡುವ ಒಂದು ಸಣ್ಣ ಗಿರಣಿಯವರು ಚೀಲಕ್ಕೆ ಪುಡಿ ತುಂಬುವ ಕೆಲಸಕ್ಕೆ ಇಟ್ಟುಕೊಂಡರು. ಹಿಂದೆಯೇ ಇರುವ ತಗಡು ಹೊದಿಸಿದ ಖೋಲಿಯಲ್ಲಿ ಇನ್ನಿಬ್ಬರು ಹೆಂಗಸರ ಜೊತೆ ವಾಸ. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಖಾರ ಕಣ್ಣಲ್ಲಿ ಇಳಿಯುತ್ತಿತ್ತು, ಮೊಂಡುಗೈಯ ಹಳೆಯ ಗಾಯದ ಸೀಳುಗಳಲ್ಲಿ ಸೇರಿ ಮಲಗಿದ ಮೇಲೂ ಉರಿಯುತ್ತಿತ್ತು.

ದೀಪಾವಳಿ ಕಳೆದ ಮೇಲೆ ಗುಡ್ಡಪ್ಪ ಅವಳನ್ನು ಹುಡುಕಿಕೊಂಡು ಬಂದ. ಗಿರಣಿಯ ಮುಂದಿನ ಚಹಾದಂಗಡಿಯಲ್ಲಿ ಇಬ್ಬರೂ ಕೂತರು. ಅವನು ಖಾರದ ಘಾಟಿಗೆ ಕೆಮ್ಮುತ್ತ ಕಣ್ಣೊರೆಸಿಕೊಂಡ.

"ಇಂಥಲ್ಲಿ ಹೆಂಗ ಇರ್ತಿ ತಂಗಿ? ನಡಿ ಮನಿಗೆ."

"ಏನರ ಕೆಲಸ ಇತ್ತೇನು?"

ಅವನು ಚಹಾದ ಬಸಿ ತಿರುಗಿಸುತ್ತ ಹೇಳಿದ. ಬಸ್‌ಸ್ಟ್ಯಾಂಡಿನ ಹತ್ತಿರ ಶೆಡ್ ಹಾಕಿ, ಹೊಸ ಮೋಟಾರು ತಂದು, ಅದೇ ಕಲ್ಲುಗಳನ್ನು ಕೂರಿಸಿದ್ದ. ಆಳು ಇಟ್ಟಿದ್ದ. ಹಿಟ್ಟು ಒಂದು ದಿನ ಸುಡುತ್ತದೆ, ಒಂದು ದಿನ ರವೆಯಾಗುತ್ತದೆ. ರೊಟ್ಟಿ ಹರಿಯುತ್ತದೆಂದು ಊರ ಹೆಂಗಸರು ಬಯ್ದು ಬೇರೆ ಊರಿಗೆ ಒಯ್ಯತೊಡಗಿದ್ದಾರೆ.

"ನೀ ಬಂದು ಕುಂದ್ರು ಸಾಕು. ನಿನ್ನ ಗಿರಣಿ ಅಂತ ತಿಳಕೊಂಡು ನಡಸು."

ಗುತ್ತೆವ್ವ ರಸ್ತೆ ನೋಡಿದಳು. ಚೀಲ ಹೇರಿದ ಲಾರಿಗಳು ಮಾರ್ಕೆಟ್ಟಿನ ಕಡೆ ಸಾಲುಗಟ್ಟಿದ್ದವು.

"ಬರ್ತೇನಿ," ಎಂದಳು. "ಆದ್ರ ಅವತ್ತು ಕೂಡಿದ್ದ ಹಿರ್ಯಾರ ಮುಂದ ನೀ ಒಂದು ಮಾತು ಅನ್ನಬೇಕು. ಕೂಗಲಾರದ ಕೋಲು ಒತ್ತಿದೆ ಅಂತ."

ಅವನು ಇಲ್ಲ ಎನ್ನುತ್ತಾನೆ, ಸಿಟ್ಟಾಗುತ್ತಾನೆ ಎಂದುಕೊಂಡಿದ್ದಳು. ಗುಡ್ಡಪ್ಪ ಒಂದು ಗುಟುಕು ಚಹಾ ಕುಡಿದು ಬಾಯಿ ಒರೆಸಿಕೊಂಡ.

"ಅಷ್ಟೇನು? ಆಗ್ಲಿ, ಅಂತೇನಿ. ಯಾವತ್ತು ಅನ್ನಲಿ? ಸೋಮವಾರ ಎಲ್ಲಾರೂ ಸಿಗ್ತಾರ. ಬೇಕಾದ್ರ ಗುಡಿ ಕಟ್ಟಿ ಮ್ಯಾಲ ನಿಂತು ಅಂತೇನಿ."

"ನಿನಗ ನೆನಪಾತೇನು?"

"ನೆನಪು ಎಲ್ಲೀದು, ಆದದ್ದು ಇದ್ರಲ್ಲ ನೆನಪಾಗಾಕ? ನಿನ್ನ ಮನಸಿಗೆ ಹಂಗ ಕುಂತೈತಿ, ನಾ ಒಂದು ಮಾತು ಅಂದ್ರ ನಿನಗ ಸಮಾಧಾನ ಆಗತೈತಿ ಅಂದ್ರ ಅನ್ನೂಣಂತ. ನನ್ನ ಗಂಟೇನು ಹೋಗತೈತಿ?"

ಅವನ ದನಿಯಲ್ಲಿ ಕಪಟವಿರಲಿಲ್ಲ. ಹಟ ಹಿಡಿದ ಮಗುವಿಗೆ ಬೆಲ್ಲದ ಚೂರು ಕೊಟ್ಟು ಸುಮ್ಮನಿರಿಸುವವನ ತಾಳ್ಮೆ ಇತ್ತು. ಗುತ್ತೆವ್ವ ಅವನ ಮುಖವನ್ನೇ ನೋಡಿದಳು. ಇವನು ಅಂದರೂ ಅಷ್ಟೇ, ಅನ್ನದಿದ್ದರೂ ಅಷ್ಟೇ. ಅಪ್ಪ ಸತ್ತ, ಗುಲಾಬಕ್ಕ ನುಂಗಿಕೊಂಡಳು, ಇವನು ಮರೆತ. ಅವತ್ತು ಆದದ್ದು ಇನ್ನು ತನ್ನೊಬ್ಬಳ ತಲೆಯಲ್ಲಿ ಮಾತ್ರ ಉಳಿದಿದೆ. ತಾನು ಹೋದ ದಿನ ಅದು ಆಗಿಯೇ ಇರಲಿಲ್ಲ ಎಂದಾಗುತ್ತದೆ.

"ಬ್ಯಾಡ ಬಿಡಣ್ಣ," ಎಂದು ಎದ್ದಳು. "ಏನೂ ಅನ್ನಬ್ಯಾಡ. ನಾ ಬರೂದಿಲ್ಲ."

"ಯಾಕ? ನೀ ಹೇಳಿದ್ದಕ್ಕ ಹೂಂ ಅಂದೇನಲ್ಲ!"

"ಅದಕ್ಕ ಬರೂದಿಲ್ಲ."

"ನಿನಗ ಸೊಕ್ಕು ಬಂದೈತಿ ಗುತ್ತಿ," ಎಂದ ಗುಡ್ಡಪ್ಪ. ಅವನಿಗೆ ನಿಜವಾಗಿಯೂ ನೋವಾಗಿತ್ತು. ಚಹಾದ ದುಡ್ಡು ಕೊಟ್ಟು, ತಾನು ತಂದಿದ್ದ ಬಾಳೆಹಣ್ಣಿನ ಚೀಲವನ್ನು ಬೆಂಚಿನ ಮೇಲೆಯೇ ಬಿಟ್ಟು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಆ ಹಣ್ಣನ್ನು ಗುತ್ತೆವ್ವ ಖೋಲಿಯ ಹೆಂಗಸರಿಗೆ ಹಂಚಿದಳು, ತಾನು ಮುಟ್ಟಲಿಲ್ಲ.

ಸಂಕ್ರಾಂತಿ ಹೊತ್ತಿಗೆ ಗುಲಾಬಬಿಯ ಫೋನು ಬಂತು. ಊರು ಬಿಟ್ಟ ಮೇಲೆ ಮೊದಲ ಸಲ. ತಪ್ಪಾಯಿತು ಎನ್ನಲಿಕ್ಕೆ ಮಾಡಿರಬಹುದೆಂದು ಗುತ್ತೆವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದು ಹೊರಗೆ ಬಂದಳು. ಒಳಗೆ ಯಂತ್ರದ ಸಪ್ಪಳ ಜೋರಿತ್ತು.

"ಅರಾಮ ಅದೀಯೇನವ್ವ?" ಎಂದಳು ಗುಲಾಬಬಿ. ಮೊಮ್ಮಗನ ಮಾತು ಹೇಳಿದಳು, ಮಂಡಿನೋವಿನ ಮಾತು ಹೇಳಿದಳು. ಗುತ್ತೆವ್ವ ಹೂಂಗುಟ್ಟುತ್ತ ಕಾದಳು.

"ನಿಮ್ಮಣ್ಣ ಆ ಕಲ್ಲು ತೆಗೆಸಿಬಿಟ್ನವ್ವ," ಎಂದಳು ಗುಲಾಬಬಿ ಕೊನೆಗೆ. "ರಾಣೆಬೆನ್ನೂರಿಂದ ಉಕ್ಕಿನ ಮಷಿನ್ ತಂದು ಕುಂದರ್ಸ್ಯಾನ. ನಯಾಜನ ನಡಸಾಕತ್ತಾನ ಈಗ. ಹಿಟ್ಟು ಭಾಳ ನುಣುಪು ಬರ್ತೈತಿ. ರೊಟ್ಟಿ ಚಲೋ ಆಗಾಕತ್ತಾವ."

"ಚಲೋ ಆತು ಬಿಡು," ಎಂದಳು ಗುತ್ತೆವ್ವ.

ಅತ್ತ ಕಡೆ ಮತ್ತೇನೋ ಮಾತು ಶುರುವಾಗುವುದರೊಳಗೆ ಫೋನು ಇಟ್ಟು, ಬಟ್ಟೆಯನ್ನು ಮೂಗಿನ ಮೇಲೆ ಎಳೆದು ಕಟ್ಟಿಕೊಂಡು ಒಳಗೆ ಹೋದಳು. ತುಂಬಬೇಕಾದ ಚೀಲ ಬಾಯಿ ತೆರೆದು ಬಿದ್ದಿತ್ತು.